ತಂಗಿ ಬರೆದ ಪುಸ್ತಕದಲ್ಲಿ ನಾನು

ಈ ಸಲದ ನಾಗರಪಂಚಮಿಗೆ ನಾನು ತಂಗಿಯನ್ನು ತವರಿಗೆ ಕರೆತರಲಿಲ್ಲ. ನಮ್ಮ ಕೃಷ್ಣಾ ದಂಡೆಯ ಕಡೆ ಇದಕ್ಕಿಂತ ದೊಡ್ಡ ತಪ್ಪುಗಳು ಇಲ್ಲವೆಂದಲ್ಲ. ಆದರೆ ಅವುಗಳಿಗೆ ಪೊಲೀಸರಿದ್ದಾರೆ, ವಕೀಲರಿದ್ದಾರೆ, ಇದಕ್ಕೆ ಯಾರೂ ಇಲ್ಲ. ಶ್ರಾವಣ ಬಂತೆಂದರೆ ಅಣ್ಣನಾದವನು ತಂಗಿಯ ಊರಿನ ಬಸ್ಸು ಹತ್ತಬೇಕು, ಅವಳ ಚೀಲವನ್ನು ತನ್ನ ಹೆಗಲಿಗೆ ಏರಿಸಬೇಕು, ದಾರಿಯುದ್ದಕ್ಕೂ ಅವಳ ಅತ್ತೆಮನೆಯ ಸುದ್ದಿಗೆ ಹೂಂಗುಟ್ಟುತ್ತ ಬರಬೇಕು. ತಂಗಿಗೆ ತಲೆ ನರೆತಿರಲಿ, ಅವಳು ಕಾಲೇಜಿನಲ್ಲಿ ಪಾಠ ಹೇಳುವ ವಿಜ್ಞಾನಿಯಾಗಿರಲಿ, ಸ್ವಂತ ಕಾರು ನಡೆಸುವವಳಾಗಿರಲಿ, ಅಣ್ಣ ಕರೆಯಲು ಬರದೆ ತಾನಾಗಿ ಹೊರಡುವಂತಿಲ್ಲ. ಹೊರಟರೆ ಅದು ತವರಿಗೆ ಬರುವುದಲ್ಲ, ಬರೀ ಪ್ರಯಾಣ.

ಹೋಗದಿರಲು ಕಾರಣ ಒಂದು ಪುಸ್ತಕ. ಏಳನೆಯ ಇಯತ್ತೆಗೇ ಶಾಲೆಗೆ ಕೈಮುಗಿದು ಕಬ್ಬಿನ ಹೊಲಕ್ಕೆ ನುಗ್ಗಿದವನ ಮನೆಯಲ್ಲಿ ಪುಸ್ತಕವೊಂದು ಜಗಳ ಹಚ್ಚಿತೆಂದರೆ ನೀವು ನಗುತ್ತೀರಿ. ನಗಿರಿ, ಗೆಳೆಯರೇ; ನನ್ನ ಹೆಂಡತಿ ಶೋಭಾ ನಕ್ಕು ಮುಗಿಸಿದ ಮೇಲೂ ಸಾಕಷ್ಟು ಉಳಿದಿದೆ.

ನನ್ನ ತಂಗಿ ನಂದಾ ನಿಪ್ಪಾಣಿಯಲ್ಲಿರುತ್ತಾಳೆ. ಕೆಲವು ವರ್ಷ ಅವಳು ರಜೆ ಸಿಕ್ಕಾಗಲೆಲ್ಲ ಉಗಾರದ ಹತ್ತಿರದ ನಮ್ಮ ಹೊಲಕ್ಕೆ ತಂತಿಯ ಪಂಜರಗಳನ್ನು ಹೊತ್ತು ಬರುತ್ತಿದ್ದಳು. ಹೆಗ್ಗಣ ಹಿಡಿಯುತ್ತಿದ್ದಳು, ತೂಗುತ್ತಿದ್ದಳು, ಕಿವಿಗೆ ಬಣ್ಣ ಹಚ್ಚುತ್ತಿದ್ದಳು, ಮತ್ತೆ ಅದೇ ಬಿಲಕ್ಕೆ ಮರ್ಯಾದೆಯಿಂದ ಬೀಳ್ಕೊಡುತ್ತಿದ್ದಳು. ಹಿಡಿದ ಹೆಗ್ಗಣವನ್ನು ಬಿಡುವುದನ್ನು ನಮ್ಮ ಊರು ಮೊದಲ ಸಲ ಕಂಡಿತು. ಪಂಜರಗಳನ್ನು ಹೊತ್ತವನು ನಾನೇ. ಆದರೆ ಇದೆಲ್ಲ ಯಾತಕ್ಕೆ ಎಂದು ಒಂದು ಸಲವೂ ಕೇಳಲಿಲ್ಲ. ಕಲಿತವರಿಗೆ ಏನಾದರೊಂದು ಹುಚ್ಚು ಇರುತ್ತದೆ, ನಮ್ಮವಳದು ಕಚ್ಚುವ ಹುಚ್ಚಲ್ಲ ಎಂದುಕೊಂಡು ಸುಮ್ಮನಿದ್ದೆ.

ಆಷಾಢದ ಕೊನೆಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಪೊಟ್ಟಣ ಬಂತು. ಹಳೆಯ ಪತ್ರಿಕೆ ಬಿಚ್ಚಿದರೆ ಒಳಗೆ ನಂದಾಳ ಪುಸ್ತಕ. ಮುಖಪುಟದ ಮೇಲೆ ಹಸಿರು ಕಬ್ಬು, ಹಿಂದೆ ಕನ್ನಡಕ ಹಾಕಿಕೊಂಡ ನನ್ನ ತಂಗಿ, ಹೆಸರು ‘ಕಬ್ಬಿನೊಳಗಿನ ಸಂಸಾರ’. ಕಬ್ಬಿನೊಳಗೆ ಸಂಸಾರ ಮಾಡಿಕೊಂಡಿರುವವನು ನಮ್ಮ ಕುಟುಂಬದಲ್ಲಿ ನಾನೊಬ್ಬನೇ. ಎದೆಯುಬ್ಬಿತು.

ಶೋಭಾ ಮಿರಜದ ಕಡೆಯವಳು, ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡದಲ್ಲಿ ಜಗಳಾಡಬಲ್ಲಳು, ಓದಲಾರಳು. "ಓದ್ರಿ ಜರಾ, ಏನ ಬರದಾಳ ಕೇಳೂಣು," ಎಂದು ಶೇಂಗಾ ಸುಲಿಯುತ್ತ ಕುಳಿತಳು. ನಾನು ಯಾವ ಪುಸ್ತಕವನ್ನೂ ನಡುವಿನಿಂದ ತೆರೆಯುವವನು. ಮೊದಲ ಪುಟಗಳಲ್ಲಿ ಬರೀ ಉಪಕಾರ ಸ್ಮರಣೆ ಇರುತ್ತದೆ ಎಂಬುದು ನನ್ನ ತಿಳಿವಳಿಕೆ. ತೆರೆದೆ, ಗಟ್ಟಿಯಾಗಿ ಓದಿದೆ.

"ಅಣ್ಣಾಸಾಬ ದಪ್ಪ ಮೈಯವನು, ಗಿಡ್ಡ ಕಾಲಿನವನು. ಸಂಜೆಯಾಯಿತೆಂದರೆ ಮನೆಯಲ್ಲಿ ನಿಲ್ಲುವವನಲ್ಲ. ಬದುವಿನ ಗುಂಟ ಒಂದು ಸುತ್ತು ಹಾಕಿ, ನೆರೆಯವರ ಬಾಗಿಲಲ್ಲಿ ಮೂಸಿ ನೋಡಿ, ಸಿಕ್ಕದ್ದನ್ನು ಅಲ್ಲೇ ತಿಂದು, ಉಳಿದದ್ದನ್ನು ಮನೆಗೆ ಸಾಗಿಸುತ್ತಾನೆ. ಕೂಡಿಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹಂಚಿಕೊಳ್ಳುವ ಅಭ್ಯಾಸ ಅವನಿಗಿಲ್ಲ. ಯಾರಾದರೂ ಅಡ್ಡ ಬಂದರೆ ಬೆನ್ನ ಮೇಲಿನ ಕೂದಲು ನಿಗುರಿಸಿ ಗುರುಗುಡುತ್ತಾನೆ."

ನನ್ನ ಹೆಸರು ಅಣ್ಣಾಸಾಬ ಎಂದು ನಿಮಗೆ ಇನ್ನೂ ಹೇಳಿರಲಿಲ್ಲ, ಅಲ್ಲವೇ?

ಶೋಭಾಳ ಉಡಿಯಲ್ಲಿದ್ದ ಶೇಂಗಾ ಅಂಗಳದ ತುಂಬ ಚೆಲ್ಲಿತು. "ಅಯ್ಯ ನನ್ನವ್ವಾ, ಅಗದೀ ಬರೋಬರ ಬರದಾಳ ನೋಡ್ರಿ!" ಎಂದು ಕಣ್ಣೀರು ಒರೆಸಿಕೊಂಡಳು. "ಆ ಬೆನ್ನ ಮ್ಯಾಲಿನ ಕೂದಲಾ ಅಷ್ಟ ಸುಳ್ಳ. ನಿಮಗ ತೆಲಿ ಮ್ಯಾಲನ ಇಲ್ಲ."

ಆ ಕೂದಲಿನ ಮಾತಿಗಾದರೂ ನಾನು ತಡೆದು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ. ಪುಸ್ತಕವನ್ನು ಪಟ್ಟನೆ ಮುಚ್ಚಿ, ಜೋಳದ ಕಣಜದ ಹಿಂದೆ ಎಸೆದೆ. ಹೊಟ್ಟೆಬಾಕನಂತೆ, ಜಿಪುಣನಂತೆ, ಮಂದಿಯ ಬಾಗಿಲಲ್ಲಿ ಮೂಸುವವನಂತೆ! ಅಣ್ಣ ಪಂಜರ ಹೊತ್ತ ಉಪಕಾರಕ್ಕೆ ತಂಗಿ ಕೊಟ್ಟ ಬಹುಮಾನ ಇದು, ಅದೂ ಅಚ್ಚುಹಾಕಿಸಿ, ಬೆಲೆ ಕಟ್ಟಿ.

ಪಂಚಮಿ ಹತ್ತಿರ ಬಂತು. ನಂದಾ ಫೋನು ಮಾಡಿದಳು.

"ಅಣ್ಣಾ, ಯಾವಾಗ ಬರ್ತಿ? ಚೀಲಾ ಕಟ್ಟಿ ಇಟ್ಟೀನಿ."

"ಈ ಸಲ ಆಗೂದಿಲ್ಲವಾ. ಕಬ್ಬಿಗೆ ನೀರ ಬಿಡೂದೈತಿ."

ಹೊರಗೆ ಮಳೆ ನಮ್ಮ ಪಡಸಾಲೆಯ ಪತ್ರಾಸಿನ ತಗಡಿನ ಮೇಲೆ ಹಲಗೆ ಬಾರಿಸಿದಂತೆ ಹೊಡೆಯುತ್ತಿತ್ತು.

"ಅಲ್ಲೋ, ಮಳಿ ಸಪ್ಪಳ ಕೇಳಾಕತ್ತೈತಲ್ಲ?"

"ಅದು ಟೀವಿ," ಎಂದೆ. "ಟೀವ್ಯಾಗ ಮಳಿ ಹತ್ತೈತಿ."

"ಪುಸ್ತಕಾ ಮುಟ್ಟೇತೇನ?" ಎಂದಳು. "ಮುಟ್ಟೇತಿ," ಎಂದೆ, ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿತ್ತು. "ಆತ ಬಿಡು," ಎಂದು ಇಟ್ಟಳು. ಆಮೇಲೆ ಅವಳ ಫೋನು ಬರಲಿಲ್ಲ. ಹಬ್ಬದ ದಿನ ಶೋಭಾ ಜೋಳದ ಅಳ್ಳು, ಉಂಡಿ ಎಲ್ಲ ಮಾಡಿದಳು, ಬೇವಿನ ಟೊಂಗೆಗೆ ಜೋಕಾಲಿ ಕಟ್ಟಿದಳು. ಅದರಲ್ಲಿ ಕೂಡಬೇಕಾದವಳು ನಿಪ್ಪಾಣಿಯಲ್ಲಿ ಕಟ್ಟಿದ ಚೀಲ ಬಿಚ್ಚುತ್ತಿದ್ದಳು.

ಸತ್ಯವು ನನಗೆ ಉಗಾರ ಖುರ್ದದ ಚಹಾದಂಗಡಿಯಲ್ಲಿ ಬಡಿಯಿತು. ನಮ್ಮ ಪಕ್ಕದ ಹೊಲದ ರಾವಸಾಬ ಬಶಿಯಲ್ಲಿ ಚಹಾ ಸುರಿದುಕೊಂಡು ದೂರದಿಂದಲೇ ಕೂಗಿದ: "ಏನ್ಲೇ ಅಣ್ಣಾಸಾಬ, ಪಾರ್ಟಿ ಯಾವಾಗ? ನಿಂದ ಊರಿಗೆ ದೊಡ್ಡದಂತಲ್ಲೋ!"

"ಏನ ದೊಡ್ಡದು?"

"ಹೆಗ್ಗಣಾ! ನಿನ್ನ ತಂಗಿ ಪುಸ್ತಕದಾಗ. ಯಾರ ಹೊಲದಾಗ ಸಿಕ್ಕತೋ ಅವರ ಹೆಸರ ಇಟ್ಟಾಳ. ನಂದೂ ಐತಿ, ರಾವಸಾಬಂತ. ಬಾಲಾ ಅರ್ಧಾ ತುಂಡಾಗೇತಿ, ಖರೆ ಮನಶ್ಯಾ ಭಾಳ ಧೈರ್ಯದಾಂವ ಅಂತ ಬರದಾಳ." ಸುತ್ತಲಿದ್ದವರಿಗೆ ಕೇಳಲೆಂದು ಧೈರ್ಯದ ಮಾತನ್ನು ಇನ್ನೊಮ್ಮೆ ಹೇಳಿದ. "ಹಿಡದ ತಿನ್ನೂ ಗೂಗಿ ಹಕ್ಕಿ ಬಂದ್ರೂ ಓಡಂಗಿಲ್ಲಂತ. ಯಾಕೋ, ನೀ ಓದಿಲ್ಲೇನ?"

"ಓದೀನಿ," ಎಂದೆ. ಸುಳ್ಳಿನ ಸಂತತಿಯೂ ಹೆಗ್ಗಣದ ಸಂತತಿಯಂತೆಯೇ. ಒಂದು ಜೋಡಿ ಒಳಹೊಕ್ಕರೆ ಸಾಕು.

ಮನೆಗೆ ಬಂದು ಕಣಜದ ಹಿಂದೆ ಕೈ ಹಾಕಿದೆ. ಪುಸ್ತಕದ ಒಂದು ಮೂಲೆಯನ್ನು ಯಾರೋ ತಿಂದಿದ್ದರು. ಯಾರೆಂದು ಹೇಳಬೇಕಾಗಿಲ್ಲ, ತಮ್ಮ ಚರಿತ್ರೆಯನ್ನು ಅಷ್ಟು ಆಸೆಯಿಂದ ಸವಿದವರನ್ನು ನಾನು ಬೇರೆ ಕಂಡಿಲ್ಲ. ಈ ಸಲ ಮೊದಲ ಪುಟದಿಂದ ಓದಿದೆ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ, ಮಧ್ಯಾಹ್ನ ಊಟವಾದ ಮೇಲೆ ಬೇವಿನ ನೆರಳಿನಲ್ಲಿ ಸ್ವಲ್ಪ ಸ್ವಲ್ಪವಾಗಿ.

ಅವಳ ಪುಸ್ತಕ ಓದುವುದು ಒಂದು ರೂಢಿಯಾದ ಮೇಲೆ, ಅವಳು ಇಲ್ಲಿಯ ಗೋಡೆಯ ಮಾಡದಲ್ಲಿ ಬಿಟ್ಟುಹೋದ ಬೇರೆ ಪುಸ್ತಕಗಳ ಧೂಳನ್ನೂ ಜಾಡಿಸಿದೆ. ಒಂದು ಡಾಕ್ಟರರು ಬರೆದದ್ದು, ಒಂದು ಅಡವಿ ತಿರುಗುವವರು ಬರೆದದ್ದು, ಇನ್ನೊಂದು ಜನಸಂಖ್ಯೆ ಎಣಿಸುವವರು ಬರೆದದ್ದು. ಎಲ್ಲ ತಿಳಿಯಿತೆಂದು ಹೇಳಿದರೆ ಅದು ಮತ್ತೊಂದು ಸುಳ್ಳಾದೀತು. ಆದರೆ ಒಂದು ಚಮತ್ಕಾರ ಕಂಡೆ. ಡಾಕ್ಟರರ ಪುಸ್ತಕದಲ್ಲಿ ಮನುಷ್ಯರಿಗೆ ಹೆಸರಿಲ್ಲ; ‘ಒಬ್ಬ ರೋಗಿ’, ‘ಒಬ್ಬ ಹೆಂಗಸು’, ಅಷ್ಟೇ. ಅಡವಿಯವರ ಪುಸ್ತಕದಲ್ಲಿ ಪ್ರತಿಯೊಂದು ಪ್ರಾಣಿಗೂ ಹೆಸರಿದೆ, ಬಾರಸವಾಗಿ, ತೊಟ್ಟಿಲಲ್ಲಿ ಹೆಸರಿಡಿಸಿಕೊಂಡು ಬಂದಂತೆ. ಎಣಿಸುವವರ ಪುಸ್ತಕದಲ್ಲಿ ಹೆಸರೂ ಇಲ್ಲ, ಮುಖವೂ ಇಲ್ಲ. ಲಾರಿಯ ಕಾಟಾದ ಮೇಲೆ ಕಬ್ಬು ತೂಗಿದಂತೆ ನಮ್ಮನ್ನೆಲ್ಲ ಒಟ್ಟಿಗೆ ತೂಗಿಬಿಡುತ್ತಾರೆ, ಯಾವ ಜಲ್ಲೆಯ ಯಾವ ಗಣಿಕೆಯಲ್ಲಿ ಸಿಹಿ ಇತ್ತೆಂದು ಯಾರೂ ಕೇಳುವುದಿಲ್ಲ. ಮೊದಲು ಇದು ಉಲ್ಟಾ ನ್ಯಾಯವೆನಿಸಿತು. ಆಮೇಲೆ ಹೊಳೆಯಿತು: ಹೆಗ್ಗಣಕ್ಕೆ ಮಾನ ಹೋಗುವ ಭಯವಿಲ್ಲ, ಅದಕ್ಕೆ ಹೆಸರಿಡಬಹುದು. ಮನುಷ್ಯನಿಗೆ ನೆರೆಹೊರೆ ಇದೆ, ಬೀಗರಿದ್ದಾರೆ. ಹೆಸರು ಹೇಳದಿರುವುದೂ ಒಂದು ಔಷಧಿಯೇ.

ಇನ್ನೊಂದು ಮಾತು. ಈ ವಿಜ್ಞಾನಿಗಳು ‘ಇರಬಹುದು’ ಎಂಬ ಪದವನ್ನು ಉಪ್ಪಿನಂತೆ ಬಳಸುತ್ತಾರೆ. ವರ್ಷಗಟ್ಟಲೆ ಪಂಜರ ಇಟ್ಟು, ತೂಗಿ, ಬಣ್ಣ ಹಚ್ಚಿ, ಕೆಸರಲ್ಲಿ ಬಿದ್ದು ಎದ್ದು, ಕೊನೆಗೆ ನಂದಾ ಬರೆಯುವುದು ಏನು? ಗೂಬೆಗಳು ಕಡಿಮೆಯಾದದ್ದರಿಂದ ಹೆಗ್ಗಣಗಳು ಹೆಚ್ಚಿರಬಹುದು. ಕಬ್ಬಿನ ಸಾಲುಗಳಲ್ಲಿ ನೀರು ನಿಲ್ಲುವುದರಿಂದ ಇಲಿಜ್ವರ ಹರಡಿರಬಹುದು. ನಾನು ಅರ್ಧ ಪುಟ ಓದಿ ‘ಇರಬಹುದು’ ಎನ್ನಲಿಲ್ಲ, ‘ಐತಿ’ ಎಂದೆ. ನನ್ನಂಥವನು ವಿಜ್ಞಾನಿಯಾಗಿದ್ದರೆ ಜಗತ್ತಿನ ಸಂಶಯಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗುತ್ತಿದ್ದವು. ‘ಸಂಸಾರ’ ಎಂಬ ಹೆಸರಿಗೂ ಅವಳು ಕಾರಣ ಕೊಟ್ಟಿದ್ದಳು: ಹೆಗ್ಗಣಗಳ ಲೆಕ್ಕಕ್ಕೆ ‘ಜನಸಂಖ್ಯೆ’ ಎಂದರೆ ಜನ ಸಿಟ್ಟಾಗುತ್ತಾರೆ ಎಂದು ಬೇರೆ ಪದ ಹುಡುಕಿದಳಂತೆ. ಜನ ಸಿಟ್ಟಾಗುವುದು ತಪ್ಪಲಿಲ್ಲ.

ನಗುತ್ತಲೇ ಓದುತ್ತಿದ್ದವನು ಕೊನೆಯ ಅಧ್ಯಾಯಕ್ಕೆ ಬಂದೆ. ಅಲ್ಲಿ ‘ಒಬ್ಬ ರೈತ’ ಇದ್ದ. ಹೊಳೆಗೆ ಮಹಾಪೂರ ಬಂದು ಇಳಿದ ಮೇಲೆ ಅವನು ಜ್ವರದಿಂದ ಮಿರಜದ ದವಾಖಾನೆ ಸೇರಿದ. ಮನೆಯಲ್ಲಿ ಇಲಿ, ಹೆಗ್ಗಣ ಇವೆಯೇ ಎಂದು ಡಾಕ್ಟರರು ಕೇಳಿದರು. ಇಲ್ಲ ಎಂದ. ಡಾಕ್ಟರರು ಇಲಿಜ್ವರ ಬಿಟ್ಟು ಬೇರೆ ಜ್ವರಗಳನ್ನು ಹುಡುಕುತ್ತ ಹೋದರು.

ಆ ರೈತನನ್ನು ನಾನು ಬಲ್ಲೆ. ಅವನ ಮಂಚದ ಸುತ್ತ ಅವನ ಹೆಂಡತಿಯ ತವರಿನವರು ಹಣ್ಣು ಹಿಡಿದು ನಿಂತಿದ್ದರು. ಅವರ ಎದುರಿಗೆ, ಮೈ ಕೆಂಡವಾಗಿದ್ದರೂ, ಅವನು ತಲೆಯೆತ್ತಿ ಹೇಳಿದ ಮಾತು ಇದು: "ನಮ್ಮದು ಗಚ್ಚಿನ ಮನಿ ಐತ್ರಿ ಸಾಹೇಬರ. ಇಲಿ ಅನ್ನೂದ ಇಲ್ರಿ." ಹೊಲಕ್ಕೆ ಹೆಗ್ಗಣಗಳ ಊರೇ ಇದ್ದರೂ ಬೀಗರ ಮುಂದೆ ಮನೆಗೆ ಇಲಿ ಇರಬಾರದು, ಇದು ನಮ್ಮ ಕಡೆಯ ಮರ್ಯಾದೆ. ಅದಕ್ಕಾಗಿ ನಾನು ಸಾಯಲೂ ಸಿದ್ಧನಿದ್ದೆನೆಂದು ಆಗ ನನಗೆ ಗೊತ್ತಿರಲಿಲ್ಲ. ಡಾಕ್ಟರರು ಔಷಧಿ ಬದಲಿಸಿದ ಮೇಲೆ ಜ್ವರ ಇಳಿದರೂ, ಅದು ನನ್ನ ಗಟ್ಟಿ ಮೈಯಿಂದ ಎಂದೇ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಪುಸ್ತಕ ಬೇರೆ ಹೇಳುತ್ತಿತ್ತು: ರೈತನ ಮನೆಯವರೊಬ್ಬರು ಡಾಕ್ಟರರನ್ನು ಹೊರಗೆ ಕರೆದು ಹೊಲದ ಸಂಗತಿ ತಿಳಿಸಿದರು. ಶೋಭಾ ಊರಲ್ಲೇ ಇದ್ದಳು; ಬೀಗರನ್ನು ಬಿಟ್ಟರೆ ಆ ದಿನ ನನ್ನ ಬಳಿ ಇದ್ದ ‘ಮನೆಯವರು’ ನಂದಾ ಒಬ್ಬಳೇ. ಕೆಳಗೆ ಇನ್ನೊಂದು ಸಾಲು: "ತಪ್ಪು ರೈತನದಲ್ಲ. ಅವನಿಗೆ ಮನೆಯ ಬಗ್ಗೆ ಕೇಳಲಾಯಿತು, ಹೊಲದ ಬಗ್ಗೆ ಕೇಳಲಿಲ್ಲ."

ಬೆರಳು ಆ ಸಾಲಿನ ಕೆಳಗೇ ನಿಂತಿತು. ಪುಸ್ತಕದಲ್ಲಿ ನನ್ನ ಹೆಸರಿದ್ದಲ್ಲಿ ನಾನಿರಲಿಲ್ಲ. ನಾನಿದ್ದಲ್ಲಿ ನನ್ನ ಹೆಸರಿರಲಿಲ್ಲ. ಹೆಗ್ಗಣಕ್ಕೆ ನನ್ನ ಹೆಸರಿಟ್ಟು ಊರನ್ನು ನಗಿಸಿದವಳು, ನನ್ನ ಸುಳ್ಳನ್ನು ಮಾತ್ರ ಹೆಸರಿಲ್ಲದ ರೈತನೊಬ್ಬನ ಹೆಗಲಿಗೆ ಹಾಕಿ, ಅವನ ಪರವಾಗಿ ವಕಾಲತ್ತನ್ನೂ ವಹಿಸಿದ್ದಳು.

ಮರುದಿನ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಗೆ ಹೊರಟೆ. "ಗಣಪತಿ ಕುಂಡ್ರೂ ಹೊತ್ತಿಗೆ ಪಂಚಮಿಗೆ ಕರಿಯಾಕ ಹೊಂಟಾವ್ರು ನೀವ ಒಬ್ರ ನೋಡ್ರಿ," ಎಂದಳು ಶೋಭಾ, ಆದರೆ ಉಂಡಿಯ ಡಬ್ಬಿ ಕಟ್ಟಿಕೊಟ್ಟಳು. ನಾನು ಒಂದು ಬೆಲ್ಲದ ಪೆಂಟೆಯನ್ನೂ, ಇಡೀ ಮುದ್ದೆಯನ್ನೇ, ಎತ್ತಿಕೊಂಡೆ. ನಮ್ಮ ಮನೆತನದ ಗಂಡಸರಲ್ಲಿ ಕ್ಷಮೆ ಬಾಯಿಂದ ಬರುವುದಿಲ್ಲ, ಚೀಲದಿಂದ ಬರುತ್ತದೆ. ಅಪ್ಪ ಅವ್ವನೊಂದಿಗೆ ಜಗಳಾಡಿದ ದಿನ ಅಥಣಿಯಿಂದ ಜಿಲೇಬಿ ತರುತ್ತಿದ್ದ. ಪೊಟ್ಟಣದ ಗಾತ್ರ ನೋಡಿಯೇ ತಪ್ಪು ಎಷ್ಟು ದೊಡ್ಡದೆಂದು ನಾವು ಮಕ್ಕಳು ತಿಳಿಯುತ್ತಿದ್ದೆವು.

ನಂದಾ ಬಾಗಿಲು ತೆರೆದಳು. ನನ್ನನ್ನು ನೋಡಿದಳು, ಆಕಾಶ ನೋಡಿದಳು.

"ಏನ ಅಣ್ಣಾ, ಟೀವ್ಯಾಗಿನ ಮಳಿ ನಿಂತೇತೇನ?"

ನಾನು ಪೆಂಟೆಯನ್ನು ಹೊಸ್ತಿಲ ಮೇಲಿಟ್ಟೆ. "ಬೆಲ್ಲಾ ತಂದೀನಿ."

"ಯಾಕ?"

"ಸುಮ್ಮನ."

"ಸುಮ್ಮನ ಇಷ್ಟ ದೊಡ್ಡ ಪೆಂಟಿ?" ಅವಳು ಬಗ್ಗಿ ಅದನ್ನು ಪಕ್ಕಕ್ಕೆ ಸರಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಕನ್ನಡಕದ ಹಿಂದೆ ತಿಳಿಯಲಿಲ್ಲ. "ಚೀಲಾ ಕಟ್ಟಿಕೊಂಡು ಬಾಗಲದಾಗ ಕುಂತಿದ್ದೆ ನಾ. ಬೆಲ್ಲಾ ಇಟ್ರ ಪಂಜರದಾಗ ಬೀಳಾಕ ನಾ ಏನ ಹೆಗ್ಗಣಾ ಅಲ್ಲ. ಬಾಯಿಲೆ ಹೇಳು."

ಒಳಗೆ ಅವಳ ಗಂಡ ಪತ್ರಿಕೆಯ ಪುಟ ತಿರುಗಿಸುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು. ನಾನು ಓಣಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅರ್ಧಾ ಪುಟಾ ಓದಿ ಸಿಟ್ಟಾದೆ. ಕರಿಯಾಕ ಬರಲಿಲ್ಲ. ಮಿರಜದಾಗ ನೀ ಇರದಿದ್ರ ನಾನೂ ಇರತಿರಲಿಲ್ಲ, ಯಾರ ಉಳಿಸಿದ್ರಂತ ಒಂದಿನಾನೂ ಕೇಳಲಿಲ್ಲ. ಆ ರೈತಂದ ತಪ್ಪಿಲ್ಲ ಅಂತ ಬರದಿಯಲ್ಲ, ಅದೊಂದ ಸುಳ್ಳ ಬರದಿ ನೋಡು. ತಪ್ಪ ನಂದ, ನಂದಾ."