ನಾನು ತಲೆಯಾಡಿಸಿದ್ದು

ವಿಶಾಖಪಟ್ಟಣದ ನಮ್ಮ ಸಂಶೋಧನಾ ತಂಡದಲ್ಲಿ ಕಂಪ್ಯೂಟರ್ ಗೊತ್ತಿಲ್ಲದವಳು ನಾನೊಬ್ಬಳೇ. ಧಾರವಾಡದ ಕಡೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದವಳು, ಬ್ಯಾಂಕಿನಲ್ಲಿದ್ದ ಗಂಡನಿಗೆ ಇಲ್ಲಿಗೆ ವರ್ಗವಾದಾಗ ಜೊತೆಗೆ ಬಂದು, ತೆಲುಗು ಕಲಿತು, ಮಕ್ಕಳ ಓದಿನ ಬಗ್ಗೆ ಹೇಳುವ ಈ ಕೆಲಸಕ್ಕೆ ಸೇರಿದ್ದೆ. ನಾವು ಮಾಡುತ್ತಿದ್ದದ್ದು ಒಂದು ಆ್ಯಪ್. ಮಗು ಫೋನಿನ ಮುಂದೆ ಗಟ್ಟಿಯಾಗಿ ಓದಬೇಕು. ಓದು ಬರುತ್ತದೋ ಇಲ್ಲವೋ ಅದು ಹೇಳುತ್ತದೆ. ಬಾರದ ಮಕ್ಕಳಿಗೆ ದಿನಾ ಒಂದು ಗಂಟೆ ಬೇರೆ ಪಾಠ.

ಮೀಟಿಂಗ್ ಎಂದರೆ ನನಗೆ ಎದೆ ಡವಡವ. ಅವರ ಮಾತು ಅರ್ಧಕ್ಕರ್ಧ ತಲೆಗೆ ಹೋಗುತ್ತಿರಲಿಲ್ಲ. ಕೇಳಿದರೆ ನಕ್ಕಾರು, ಈ ಮೇಷ್ಟ್ರಮ್ಮ ಯಾಕೆ ಬೇಕು ಅಂದಾರು ಎಂಬ ಹೆದರಿಕೆ. ಸಿಂಹಾಚಲದ ಗುಡ್ಡ ಕಾಣುವ ಕಿಟಕಿಯ ಪಕ್ಕ ಕೂತು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ.

ಪ್ರೋಗ್ರಾಮ್ ಬರೆಯುತ್ತಿದ್ದ ಮೈಸೂರಿನ ಹುಡುಗ ಒಂದು ದಿನ ಕೇಳಿದ: "ಮೇಡಂ, ಆಡಿಯೋದಲ್ಲಿ ಸೈಲೆನ್ಸ್ ಎಲ್ಲಾ ಟ್ರಿಮ್ ಮಾಡ್ಬಿಡ್ತೀನಿ. ನಿಮ್ಮ ಕಡೆಯಿಂದ ಓಕೆನಾ?"

ಫ್ಯಾನಿನ ಸದ್ದು ತೆಗೆಯುತ್ತಾನೇನೋ ಅಂದುಕೊಂಡೆ. "ಹೂಂ, ಮಾಡ್ರಿ ಮಾಡ್ರಿ," ಅಂದೆ.

ಆರು ತಿಂಗಳ ಮೇಲೆ, ಆ್ಯಪ್ ಹೇಗೆ ನಡೆಯುತ್ತಿದೆ ಎಂದು ನೋಡಲು ವಿಜಯವಾಡಕ್ಕೆ ಹೋದೆ. ಆಟೋನಗರದ ಹತ್ತಿರದ ಶಾಲೆ. ಹೊರಗೆ ಲಾರಿ ತಗಡು ಬಡಿಯುವ ಸದ್ದು. ನಾಲ್ಕನೇ ತರಗತಿಯ ಒಬ್ಬಳು ಹುಡುಗಿ ನನ್ನೆದುರು ಫೋನ್ ಹಿಡಿದು ಓದಿದಳು. ಒಂದು ಪದ. ಆಮೇಲೆ ಸುಮ್ಮನಾದಳು. ಬೆರಳಿಟ್ಟು ತಡಕಾಟ. ಇನ್ನೊಂದು ಪದ. ಹೇಳಿದ್ದೆಲ್ಲ ಸರಿ, ಆದರೆ ನಾಲ್ಕು ಸಾಲಿಗೆ ಬೆವರಿಬಿಟ್ಟಳು. ಅಂಥ ಮಗುವಿಗೇ ಆ ಒಂದು ಗಂಟೆ ಬೇಕಾದದ್ದು.

ಫೋನು ಚಪ್ಪಾಳೆ ತಟ್ಟಿ, ತುಂಬಾ ಚೆನ್ನಾಗಿ ಓದಿದೆ ಎಂದಿತು.

ಆ ಮೈಸೂರಿನ ಹುಡುಗ ಕತ್ತರಿಸಿದ್ದು ಪದಗಳ ನಡುವಿನ ಮೌನವನ್ನು ಎಂದು ಆಗ ತಿಳಿಯಿತು. ಮಗು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರಲ್ಲೇ ಅದರ ಕಷ್ಟ ಇರುತ್ತದೆ. ಇದು ಯಾವ ಟೀಚರಿಗಾದರೂ ಗೊತ್ತು. ನಾನು ಹೇಳಿರಲಿಲ್ಲ, ಅವನಿಗೆ ಹೊಳೆದಿರಲಿಲ್ಲ. ಆ್ಯಪ್ ಆರಿಸಿದ, ಬೇರೆ ಪಾಠಕ್ಕೆ ಹೋಗುವವರ ಪಟ್ಟಿಗೆ ಆ ಶಾಲೆಯ ಹೆಡ್‌ಮೇಡಂ ಮಧ್ಯಾಹ್ನ ಸಹಿ ಹಾಕುವವರಿದ್ದರು. ಅದರಲ್ಲಿ ಈ ಹುಡುಗಿಯ ಹೆಸರಿಲ್ಲ. ಇಂಥವರು ಇನ್ನೆಷ್ಟು ಮಂದಿಯೋ, ದೇವರೇ!

ವರಾಂಡಕ್ಕೆ ಬಂದು ಅವನಿಗೆ ಫೋನ್ ಮಾಡಿದೆ.

"ನೀವೇ ಓಕೆ ಅಂದಿದ್ರಲ್ಲ ಮೇಡಂ," ಅಂದ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಏನೂ ಹೇಳ್ಬೇಡಿ, ಪ್ಲೀಸ್. ಪ್ರಾಜೆಕ್ಟೇ ನಿಲ್ಲಿಸ್ಬಿಡ್ತಾರೆ. ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ."

"ನನಗೂ ಹೆದರಿಕಿ ಐತಪ್ಪಾ," ಅಂದೆ. ಸುಳ್ಳಲ್ಲ. ಸುಮ್ಮನೆ ರೈಲು ಹತ್ತಿಬಿಡಲೇ ಅಂತಲೂ ಅನ್ನಿಸಿತು.

ಹೆಡ್‌ಮೇಡಂ ಪೆನ್ನಿನ ಮುಚ್ಚಳ ತೆಗೆದಾಗ ಬಾಯಿಬಿಟ್ಟೆ. ಪಟ್ಟಿ ತಪ್ಪು, ತಪ್ಪು ನನ್ನದು ಎಂದೆ. ಅವರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. "ಇದನ್ನು ಬರೆದು ಕೊಡಿ, ಮೇಲಕ್ಕೆ ಕಳಿಸಬೇಕಾಗುತ್ತದೆ," ಎಂದರು. ಅಲ್ಲೇ ಕೂತು ಬರೆದುಕೊಟ್ಟೆ. ನಾಳೆ ಕೆಲಸ ಇರುತ್ತದೋ ಇಲ್ಲವೋ ತಿಳಿಯದು.

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಫೋನು ಹೊಗಳಿದ ಸಂತೋಷ ಇನ್ನೂ ಮುಖದ ಮೇಲಿತ್ತು. ಅದನ್ನೂ ನಾನೇ ಕಿತ್ತುಕೊಳ್ಳಬೇಕು. ಪಕ್ಕದಲ್ಲಿ ಕೂರಿಸಿಕೊಂಡು, ಫೋನಿಗೆ ನೀನು ತಡೆದು ತಡೆದು ಓದಿದ್ದು ಕೇಳಿಸಿಲ್ಲ, ನಾಳೆಯಿಂದ ನಿನಗೂ ಬೇರೆ ಪಾಠ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದೆ.

"ಅರ್ಥಮಯಿಂದಾ?" ಅರ್ಥವಾಯಿತಾ ಎಂದು ಕೇಳಿದೆ.

ಅವಳು ನನ್ನನ್ನೂ ಹೆಡ್‌ಮೇಡಂ ಅವರನ್ನೂ ನೋಡಿ, ಬೇಗ ಬೇಗ ತಲೆಯಾಡಿಸಿದಳು.

ಆ ತಲೆಯಾಡಿಸುವುದು ನನಗೆ ಚೆನ್ನಾಗಿ ಗೊತ್ತು. ಮತ್ತೆ ಮೊದಲಿನಿಂದ ಹೇಳಿದೆ.