ನನ್ನ ಮೈಬಣ್ಣದ ಮಣ್ಣು

ಮೊಮ್ಮಗಳು ಹೊಸಪೇಟೆಯಲ್ಲಿ ಚಿತ್ರಕಲೆ ಓದುತ್ತಾಳೆ. ಕೊನೇ ಪರೀಕ್ಷೆಗೆ ಯಾರಾದರೂ ಒಬ್ಬರನ್ನು ಎದುರು ಕೂಡಿಸಿಕೊಂಡು ಚಿತ್ರ ಬರೀಬೇಕಿತ್ತು. ಅದು ಪಾಸಾದರೇ ಮುಂದಿನ ಓದು. ಪುಕ್ಕಟೆ ಕೂಡುವಾಕೆ ನಾನೊಬ್ಬಳೇ ಸಿಕ್ಕೆ.

ನಾಕು ದಿನ ಕುಂತು ಬೆನ್ನು ಹಿಡಕೊಂಡಿತು. ಐದನೇ ದಿನ ತೋರಿಸಿದಳು. ಹೊಳೆಯೋ ಕೆನ್ನೆ, ನುಣ್ಣನೆ ಗದ್ದ, ನೆಟ್ಟಗಿನ ಭುಜ.

"ಯಾರೇ ಈಕಿ?"

"ನೀನ ಅಜ್ಜಿ."

"ನಾನ್ಯಾಕ ಆಗ್ಲಿ? ಕಂಪ್ಲಿ ರೈಸ್‌ಮಿಲ್ ಸಾವ್ಕಾರ್ತಿ ಇದ್ದಂಗ ಅದಾಳ. ಬಿಸಿಲು ಕಂಡಾಕಿ ಅಲ್ಲ."

ಅವಳ ಮುಖ ಸಣ್ಣದಾಯಿತು. ಇದು ಯಾರ ಮುಖ ಬೇಕಾದರೂ ಆಗಬಹುದು ಅಂತ ಮೇಷ್ಟ್ರೂ ಹೇಳಿದ್ದರಂತೆ. ಪರೀಕ್ಷೆಗೆ ಹತ್ತೇ ದಿನ. ಯಾವ ಬಣ್ಣ ಹಚ್ಚಿದೆ ಅಂತ ಕೇಳಿದೆ. ಒಂದು ಟ್ಯೂಬ್ ಕೊಟ್ಟಳು.

"ಇದಕ್ಕ ಚರ್ಮದ ಬಣ್ಣ ಅಂತಾರ."

"ಯಾರ ಚರ್ಮದ್ದು?"

ಟ್ಯೂಬನ್ನು ತಿರುವಿ ತಿರುವಿ ನೋಡಿದಳು.

ನಾನು ವಯಸ್ಸೆಲ್ಲ ಸಂಡೂರು ಗುಡ್ಡದಲ್ಲಿ ಅದಿರು ಒಡೆದವಳು, ಪುಟ್ಟಿ ಹೊತ್ತವಳು. ಎಡಭುಜ ಇಳಿದಿದೆ. ಹಿಮ್ಮಡಿ ಬಿರುಕಿನ ಕೆಂಪು ಇವತ್ತಿಗೂ ಹೋಗಿಲ್ಲ. ಇಷ್ಟು ಹೇಳಿದ್ದಕ್ಕೆ ಮರುದಿನ ಬಸ್ಸು ಹತ್ತಿ ಸಂಡೂರಿಂದ ಒಂದು ಚೀಲ ಕೆಮ್ಮಣ್ಣು ತಂದಳು. ಅಂಟು ಕಲಸಿ, ಚಪಾತಿ ಹಿಟ್ಟಿನಂಗೆ ಗಟ್ಟಿಮಾಡಿ ಚಿತ್ರದ ಮುಖಕ್ಕೆ ಮೆತ್ತಿದಳು. ಒಣಗುತ್ತಲೇ ನನ್ನ ಹಣೆ ಬಿರಿದು ಚೂರುಚೂರು ನೆಲಕ್ಕೆ ಬಿತ್ತು. ಅಳಾಕ ಕುಂತಳು.

"ಅಳೂದು ಆಮ್ಯಾಲ. ಗ್ವಾಡಿಗೆ ಕೆಮ್ಮಣ್ಣು ಬಳಿಯೂದು ಯಾವತ್ತರ ನೋಡೀಯೇನಲೇ?"

ಮಣ್ಣನ್ನು ಹಳೇ ಸೀರೆಯಲ್ಲಿ ಜರಡಿ ಹಿಡಿಯಬೇಕು. ನೀರಿಗೆ ಹಾಕಿ ಕದಡಿ, ಮರಳು ಕೂತ ಮೇಲೆ ಮೇಲಿನ ಕೆಂಪುನೀರು ಬಗ್ಗಿಸಿಕೊಂಡು, ಅದರ ತಳದಲ್ಲಿ ನಿಲ್ಲುವ ನುಣುಪು ಮಣ್ಣನ್ನೇ ತಗೋಬೇಕು. ಜಾಲಿ ಅಂಟು ಒಂಚೂರು. ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಉದುರುತ್ತದೆ. ಬ್ರಷ್ ಬಿಡಿಸಿ ಅರಿವೆ ಕೊಟ್ಟೆ. ಒರೆಸಿದಲ್ಲಿ ಕೆನ್ನೆ ಮೂಳೆ ಎದ್ದಿತು, ಬಿಟ್ಟಲ್ಲಿ ಸುಕ್ಕು ಕೂತಿತು. ಭುಜ ನೆಟ್ಟಗೆ ಮಾಡಲು ನಾನು ಬಿಡಲಿಲ್ಲ.

ಪರೀಕ್ಷೆ ದಿನ ಕಾಲೇಜಿಗೆ ಹೋದೆ. ಹೊರಗಿಂದ ಬಂದಿದ್ದ ಪರೀಕ್ಷಕರು ಚಿತ್ರದ ಮುಂದೆ ಭಾಳ ಹೊತ್ತು ನಿಂತರು. ಆಮೇಲೆ ಬೆಂಚಿನ ಮೇಲಿದ್ದ ನನ್ನ ಹತ್ತಿರ ಬಂದರು.

"ಅಮ್ಮಾ, ಮೈನ್ಸ್‌ನಾಗ ದುಡದೀರೇನ್ರಿ?"

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಚಿತ್ರ ನೋಡಿದ್ರ ಗೊತ್ತಾಗ್ತದ."

ಪಾಸಾದಳು. ಈಗ ಮೆಟ್ರಿ ಊರಿನ ನನ್ನ ಗೆಳತಿ, ನನ್ನ ಚಿತ್ರವೂ ಬರಿ ಅಂತ ಗಂಟು ಬಿದ್ದಿದ್ದಾಳೆ. ಮೊಮ್ಮಗಳು ಉಳಿದ ಕೆಮ್ಮಣ್ಣು ಕಲಸಲು ಹೋದಳು. ಬ್ಯಾಡ ಅಂದೆ. ಆಕೆ ಗುಡ್ಡ ಹತ್ತಿದವಳಲ್ಲ, ಜೀವನವೆಲ್ಲ ಭತ್ತದ ನಾಟಿ ಹಚ್ಚಿದವಳು. ನಿನ್ನೆ ಮೊಮ್ಮಗಳು ಆಕೆಯ ಗದ್ದೆಯಿಂದಲೇ ಕರಿಮಣ್ಣು ತಂದಿದ್ದಾಳೆ. ಬಕೆಟ್ಟಿನಲ್ಲಿ ನೆನೆಹಾಕಿದ್ದೇನೆ.