ಮಾತಿನಮಲ್ಲನ ಹಲ್ಲುಸೆಟ್ಟು

ಬೀದಿಯ ತಿರುವಿನಲ್ಲಿ ಎರಡು ಕುರ್ಚಿಯ ಸಲೂನು ಇಟ್ಟುಕೊಂಡಿದ್ದ ಆ ಕ್ಷೌರಿಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾತಿನಮಲ್ಲ ಎಂದು. ಕತ್ತರಿಗಿಂತ ನಾಲಗೆಯೇ ಚುರುಕು. ಗಡ್ಡಕ್ಕೆ ನೊರೆ ಹಚ್ಚುವಷ್ಟರಲ್ಲಿ ನಿಮ್ಮ ಮನೆ ಸಮಾಚಾರವನ್ನೆಲ್ಲ ಹೊರಡಿಸಿ, ತನ್ನದೂ ನಾಲ್ಕು ಸೇರಿಸಿ, ಕನ್ನಡಿಯಲ್ಲಿ ನಿಮ್ಮನ್ನು ನೋಡಿ ನಗುತ್ತಿದ್ದ. ಆ ಹಲ್ಲೋ, ಬೆಳ್ಳಗೆ, ಸಾಲಾಗಿ, ಒಂದೂ ಅವನದಲ್ಲ! ವಸಡು ಸಡಿಲಾಗಿ ಒಂದೊಂದೇ ಉದುರಿಹೋದ ಮೇಲೆ ಕಟ್ಟಿಸಿಕೊಂಡ ಸೆಟ್ಟು.

ಕಟ್ಟಿಕೊಟ್ಟವರು ರಾತ್ರಿ ಹೊತ್ತು ತೆಗೆದು, ಉಜ್ಜಿ, ನೀರಿನಲ್ಲಿ ಹಾಕಿಡಿ ಎಂದು ಹೇಳಿಯೇ ಕಳಿಸಿದ್ದರು. ಈ ಪುಣ್ಯಾತ್ಮ ಕೇಳಬೇಕಲ್ಲ! ಬೊಚ್ಚುಬಾಯಿಯನ್ನು ಹೆಂಡತಿಗೆ ತೋರಿಸುವುದುಂಟೇ? ಬೆಳಿಗ್ಗೆ ಅವಳು ಏಳುವ ಮೊದಲೇ ಬಚ್ಚಲ ಬಾಗಿಲು ಹಾಕಿಕೊಂಡು, ಗಡಿಬಿಡಿಯಲ್ಲಿ ತೊಳೆದು, ಮತ್ತೆ ಸಿಕ್ಕಿಸಿಕೊಂಡುಬಿಡುತ್ತಿದ್ದ. ಹಗಲೂ ಅದೇ, ರಾತ್ರಿಯೂ ಅದೇ.

ಬರಬರುತ್ತಾ ಬಾಯಿ ಉರಿಯತೊಡಗಿತು. ತುಟಿಯ ಎರಡೂ ಮೂಲೆ ಸೀಳಿತು. ಖಾರ ತಗುಲಿದರೆ ಜೀವ ಬಾಯಿಗೆ ಬರುತ್ತಿತ್ತು, ಅದರ ಮೇಲೆ ಒಂದು ಕೆಟ್ಟ ವಾಸನೆ ಬೇರೆ. ಅದೇ ಸುಮಾರಿಗೆ ಹೆಂಡತಿ ಒಂದು ದಿನ "ಒಳಗೆ ಸೆಖೆ" ಎಂದು ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದಳು. ನನ್ನ ಬಾಯಿಯ ನಾತ ತಡೆಯಲಾರದೆ ಹೋದಳು, ಇನ್ನು ಇವಳು ನನ್ನ ಹತ್ತಿರ ಬರುವುದಿಲ್ಲ ಎಂದುಕೊಂಡ ಮಾತಿನಮಲ್ಲ. ಅಷ್ಟು ವರ್ಷ ಜೊತೆಗಿದ್ದವಳನ್ನು ಮನೆಯೊಳಗೇ ಕಳೆದುಕೊಂಡೆನೆಂಬ ದುಃಖ ಅವನಿಗೆ. ಅಂಗಡಿಯಲ್ಲೂ ಮಾತು ನಿಂತಿತು. "ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡ್ರಾ?" ಎಂದು ಗಿರಾಕಿಗಳು ಕೆಣಕಿದರೆ ತಲೆ ಅಲ್ಲಾಡಿಸುತ್ತಿದ್ದ, ಅಷ್ಟೆ.

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವಳು. ದಿನವಿಡೀ ಹಬೆಯಲ್ಲಿ ನೆನೆದು ಬಂದು ಅಡುಗೆ ಮಾಡಿಟ್ಟರೆ ಇವನು ಎರಡು ತುತ್ತಿಗೆ ಏಳುತ್ತಿದ್ದ. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಅಡುಗೆ ಸೇರಲ್ಲ ಅಂದ್ರೆ ಹೇಳ್ಬಿಡಿ. ಹೀಗೆ ತಟ್ಟೆ ತಳ್ಳಿ ನನ್ನ ಹೊಟ್ಟೆ ಉರಿಸ್ಬೇಡಿ."

ಇಲ್ಲ ಕಣೇ ಎನ್ನಲು ಬಾಯಿ ತೆರೆದ. ತುಟಿಯ ಮೂಲೆ ಬಿರಿದು ರಕ್ತ ಬಂತು. ಅವಳ ಸಿಟ್ಟು ಜರ್ರನೆ ಇಳಿದುಹೋಯಿತು. ಮಾರನೆಯ ಬೆಳಿಗ್ಗೆ ಕೈ ಹಿಡಿದು ಎಳೆದುಕೊಂಡೇ ಕ್ಲಿನಿಕ್ಕಿಗೆ ಹೋದಳು.

"ಸೆಟ್ಟು ತೆಗೀರಿ" ಎಂದರು ಡಾಕ್ಟರಮ್ಮ.

"ನೀನು ಆಚೆ ಇರು" ಎಂದ ಹೆಂಡತಿಗೆ. ಅವಳು ಅಲ್ಲಾಡಲಿಲ್ಲ. ಕೊನೆಗೆ ಗೋಡೆಯ ಕಡೆ ತಿರುಗಿ ತೆಗೆದ. ಸೆಟ್ಟು ಕೂತಿದ್ದಷ್ಟು ಜಾಗಕ್ಕೆ ಅಂಗುಳ ಕೆಂಪಗೆ ಹಸಿಯಾಗಿತ್ತು, ಅಂಚಿನಲ್ಲಿ ಬಿಳೀ ಚುಕ್ಕೆ. ರಾತ್ರಿ ಯಾಕೆ ತೆಗೆದಿಡಲ್ಲ ಎಂದು ಅವರು ಕೇಳಿದ್ದೇ ತಡ, ಬೊಚ್ಚುಬಾಯಿಯಲ್ಲೇ ಅವನ ದುಃಖ ಕಟ್ಟೆಯೊಡೆಯಿತು.

"ಮೊದಲೇ ನನ್ನ ಬಾಯಿ ನಾತಕ್ಕೆ ಇವಳು ಹಾಸಿಗೆ ಎತ್ಕೊಂಡು ಹೋಗಿದಾಳೆ. ಇನ್ನು ಈ ಮೋರೆ ಬೇರೆ ನೋಡ್ಬೇಕಾ?"



"ಇದು ಈಸ್ಟ್ ಅಂತ, ಒಂಥರಾ ಬೂಷ್ಟು ಅಂದ್ಕೊಳ್ಳಿ" ಎಂದರು ಡಾಕ್ಟರಮ್ಮ. "ಎಲ್ಲರ ಮೈಯಲ್ಲೂ ಸುಮ್ನೆ ಇರುತ್ತೆ. ಬೆಚ್ಚಗೆ, ಒದ್ದೆಯಾಗಿ, ಗಾಳಿಯಾಡದ ಜಾಗ ಸಿಕ್ಕಿದ್ರೆ ಸಂಸಾರ ಹೂಡುತ್ತೆ. ಎಳೇ ಮಗುವಿನ ನಾಲಗೆ ಮೇಲೆ, ಸದಾ ನೀರಲ್ಲಿ ಕೈಯಿಡೋರ ಉಗುರಿನ ಬುಡದಲ್ಲಿ, ತೊಡೆಸಂದಿನಲ್ಲಿ. ಹೆಂಗಸರಿಗೆ ಕೆಳಗೆ ಬಂದ್ರೆ ತುರಿಕೆ, ಉರಿ, ಒಡೆದ ಹಾಲಿನ ಥರ ಬಿಳುಪು ಹೋಗುತ್ತೆ. ಸಕ್ಕರೆ ಕಾಯಿಲೆ ಇದ್ರೆ, ಆಂಟಿಬಯಾಟಿಕ್ ತಗೊಂಡಿದ್ರೆ ಇನ್ನೂ ಸಲೀಸು. ನಾಚ್ಕೊಳ್ಳೋ ಕಾಯಿಲೆ ಅಲ್ಲ ಇದು."

ಹೆಂಡತಿ ನೆಲ ನೋಡುತ್ತಾ ಹೇಳಿದಳು: "ಡಾಕ್ಟ್ರೇ, ನನಗೂ ಅದೇ. ಕೆಮ್ಮಿಗೆ ಮಾತ್ರೆ ನುಂಗಿದ ಮೇಲೆ ಶುರುವಾಯ್ತು. ಘಾಟಿನ ಸೋಪು ಹಾಕಿ ಎಷ್ಟು ತೊಳೆದ್ರೂ ಹೋಗ್ತಿಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ನಾತಕ್ಕಲ್ಲ ರೀ. ನನ್ನ ಮೈ ನನಗೇ ಅಸಹ್ಯ ಆಗಿತ್ತು. ನಿಮಗೂ ಅಸಹ್ಯ ಆಗುತ್ತೇನೋ ಅಂತ ಹೋದೆ."

ನೀವೇ ಹೇಳಿ, ಇಬ್ಬರಲ್ಲಿ ಯಾರನ್ನು ಬೈಯುವುದು?

ಡಾಕ್ಟರಮ್ಮ ಅವಳನ್ನು ಒಳಗೆ ಕರೆದು ಪರೀಕ್ಷೆ ಮಾಡಿದರು. ತುರಿಕೆಯೆಲ್ಲ ಈಸ್ಟೇ ಆಗಿರಬೇಕಿಲ್ಲ, ನೋಡದೆ ಮುಲಾಮು ಹಚ್ಚಬಾರದು ಎಂದರು. ಆ ಸೋಪೇ ಉರಿ ಹೆಚ್ಚಿಸಿದ್ದು, ಅಲ್ಲಿಗೆ ಬರೀ ನೀರು ಸಾಕು; ಒದ್ದೆ ಬಟ್ಟೆ ತಕ್ಷಣ ಬದಲಿಸಿ, ನೈಲಾನು ಬಿಟ್ಟು ಹತ್ತಿಯದು ಹಾಕಿ ಎಂದರು. ಇಬ್ಬರ ರಕ್ತವನ್ನೂ ನೋಡಿದರು, ಸಕ್ಕರೆ ಕಾಯಿಲೆ ಇರಲಿಲ್ಲ. ಅವಳಿಗೆ ಒಳಗೆ ಇಟ್ಟುಕೊಳ್ಳುವ ಮಾತ್ರೆ, ಇವನಿಗೆ ಬಾಯಲ್ಲಿ ಇಟ್ಟುಕೊಳ್ಳುವ ಔಷಧಿ. ಸುಧಾರಿಸಿತೆಂದು ನಡುವೆ ನಿಲ್ಲಿಸಕೂಡದು. ಸೆಟ್ಟನ್ನು ಇವತ್ತಿಡೀ ಹಾಕುವ ಹಾಗಿಲ್ಲ, ಇನ್ನು ಮುಂದೆ ರಾತ್ರಿಯಂತೂ ಇಲ್ಲವೇ ಇಲ್ಲ.

ಔಷಧಿ ಅಂಗಡಿಯಲ್ಲಿ ಜನವೋ ಜನ, ಅರ್ಧಕ್ಕರ್ಧ ಸಲೂನಿನ ಗಿರಾಕಿಗಳೇ. ಮಾತಿನಮಲ್ಲ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಮೂಲೆಗೆ ನಿಂತ. ಅಂಗಡಿಯವನು ಹೆಂಡತಿಯ ಮಾತ್ರೆಯ ಡಬ್ಬಿ ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ, "ಇದು ಯಾರಿಗಮ್ಮಾ? ಹೇಗೆ ಹಾಕ್ಕೊಳ್ಳೋದು ಗೊತ್ತಾ?" ಎಂದ.

ಜನ ತಿರುಗಿ ನೋಡಿದರು. ಅವಳ ಮುಖ ಇಷ್ಟಾಯಿತು, ಕಣ್ಣಲ್ಲಿ ನೀರು ತುಂಬಿತು.

ಮಾತಿನಮಲ್ಲ ಕರವಸ್ತ್ರ ಕೆಳಗಿಳಿಸಿದ. ಜನರ ನಡುವೆ ನುಗ್ಗಿ ಮುಂದೆ ಬಂದು ಬಾಯಿಯನ್ನು ಅಷ್ಟಗಲ ತೆರೆದ.

"ನನಗೇ ಕಣಯ್ಯಾ! ನೋಡು, ಒಂದು ಹಲ್ಲೂ ಇಲ್ಲ. ಎಲ್ರೂ ಸರಿಯಾಗಿ ನೋಡ್ಕೊಳ್ಳಿ, ಮತ್ತೆ ಮತ್ತೆ ತೋರಿಸಲ್ಲ!"

ಅಂಗಡಿಗೆ ಅಂಗಡಿಯೇ ಗೊಳ್ಳೆಂದು ನಕ್ಕಿತು. ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ. ಅವಳ ಕಡೆ ನೋಡುವವರೇ ಇಲ್ಲ. ಅಂಗಡಿಯವನು ಒಮ್ಮೆ ಡಬ್ಬಿಯನ್ನು, ಒಮ್ಮೆ ಅವನನ್ನು ನೋಡಿ, ಕಾಗದದಲ್ಲಿ ಸುತ್ತಿಕೊಟ್ಟ.

ರಸ್ತೆಗೆ ಬಂದ ಮೇಲೆ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಅದು ಬಾಯಿಗೆ ಹಾಕೋ ಮಾತ್ರೆ ಅಲ್ಲ ರೀ."

"ಗೊತ್ತು ಕಣೇ" ಎಂದ ಅವನು. ಅವಳು ಅವನ ತೋಳು ಹಿಡಿದುಕೊಂಡಳು. ಮನೆ ಸೇರುವವರೆಗೂ ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ.